ಉಳಿದ ಬೆಲ್ಟು

ಎಲ್ಲ ಅನಾಹುತಕ್ಕೂ ಮೂಲ ಒಂದು ಬೆಲ್ಟು.

ಗಡಿಯಾರ ರಿಪೇರಿಯವನು ಬೆಳಿಗ್ಗೆಯೇ ಎದ್ದು ತನ್ನ ಹಳೆಯ ಕಾರಿನ ಹಿಂಬದಿಗೆ ಸೈಕಲ್ ಸ್ಟ್ಯಾಂಡು ಜೋಡಿಸಿ, ತನ್ನ ಸೈಕಲ್ಲನ್ನೂ ಮಗಳಿಗೆಂದು ಕೊಂಡ ಕೆಂಪು ಸೈಕಲ್ಲನ್ನೂ ಸ್ಟ್ಯಾಂಡಿನ ಜೊತೆ ಬಂದ ಬೆಲ್ಟುಗಳಿಂದ ಅದಕ್ಕೆ ಬಿಗಿದಿದ್ದ. ಎರಡೂ ಅಲುಗಾಡದೆ ನಿಂತಿದ್ದವು. ಆದರೆ ಕೈಯಲ್ಲಿ ಒಂದು ಬೆಲ್ಟು ಉಳಿದುಬಿಟ್ಟಿತು. ಬೇರೆಯವರಾಗಿದ್ದರೆ ಅದನ್ನು ಸೀಟಿನ ಮೇಲೆ ಎಸೆದು ಹೊರಡುತ್ತಿದ್ದರು. ಗಡಿಯಾರ ಬಿಚ್ಚಿ ಜೋಡಿಸುವವನಿಗೆ ಕೊನೆಯಲ್ಲಿ ಒಂದು ತಿರುಪು ಉಳಿದರೂ ಎದೆ ಧಸಕ್ಕೆನ್ನುತ್ತದೆ. ಬೆಲ್ಟು ಹಿಡಿದು ಕಾರಿನ ಸುತ್ತ ತಿರುಗತೊಡಗಿದ.

ಇವತ್ತು ಏನೂ ಹೆಚ್ಚುಕಡಿಮೆ ಆಗುವಂತಿರಲಿಲ್ಲ. ಹೆಂಡತಿ ಬಿಟ್ಟುಹೋಗಿ ಬೇರೆ ಮದುವೆಯಾದ ಮೇಲೆ ಮಗಳು ಅವನಿಗೆ ಸಿಗುತ್ತಿದ್ದದ್ದು ತಿಂಗಳಿಗೊಂದು ಭಾನುವಾರ, ಅದೂ ಮಧ್ಯಾಹ್ನದವರೆಗೆ. ಊರವರ ಗಡಿಯಾರವನ್ನೆಲ್ಲ ಸರಿಮಾಡುವ ಈ ಮಹಾಶಯ ಹೋದ ಸಲ ತಡವಾಗಿ ಹೋಗಿದ್ದ. ಮಗಳು ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. "ಇನ್ನೊಂದ್ಸಲ ಅವಳನ್ನ ಅಳಿಸಿದ್ರೆ ನೀವು ಬರೋದೇ ಬೇಡ" ಎಂದಿದ್ದಳು ತಾಯಿ.

"ಏನಪ್ಪಾ, ಗಾಣದ ಎತ್ತಿನ ಹಾಗೆ ಸುತ್ತಾ ಇದ್ದೀಯಲ್ಲ?" ಪಕ್ಕದ ಮನೆಯ ಲಾರಿ ಮಾವ ಬಂದರು. ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಬೀದಿಯವರನ್ನು ಓಡಿಸುವುದೇ ಅವರ ಕೆಲಸ.

"ಒಂದು ಬೆಲ್ಟ್ ಉಳೀತು ಮಾವ."

"ಉಳೀತು ಅಂದ್ರೆ ಎಲ್ಲೋ ಕಟ್ಟಿಲ್ಲ ಅಂತ! ಸೈಕಲ್ ಕಳಚಿ ಹಿಂದೆ ಬರೋನ ತಲೆ ಮೇಲೆ ಬಿದ್ರೆ, ಮಗಳು ನಿನ್ನ ನೋಡೋಕೆ ಜೈಲಿಗೆ ಬರ್ಬೇಕು. ಬಿಚ್ಚು ಎಲ್ಲಾನೂ!"

ಬಿಚ್ಚಿದ. ಸೈಕಲ್ಲುಗಳು ನೆಲಕ್ಕಿಳಿದವು. ಅಷ್ಟರಲ್ಲಿ ಮಹಡಿಮನೆಯ ಅಕ್ಕ ಒಂದು ಸರಪಳಿ, ಬೀಗ ಹಿಡಿದು ಕೆಳಗೆ ಬಂದಳು. "ಸಿಗ್ನಲ್ಲಲ್ಲಿ ನಿಂತಾಗ ಹೊತ್ಕೊಂಡು ಹೋಗ್ತಾರೆ ಕಣೋ ತಮ್ಮಾ. ಇದನ್ನ ಹಾಕ್ಕೋ. ಬೀಗದ ಕೈ ಜೇಬಲ್ಲಿದ್ರೆ ನೀನು ಕಳೀತೀಯ, ಊಟದ ಬ್ಯಾಗಲ್ಲಿಡು."

ಅವನು ಬೀಗದ ಕೈಯನ್ನು ಬ್ಯಾಗಿಗೆ, ಬ್ಯಾಗನ್ನು ಡಿಕ್ಕಿಗೆ ಹಾಕಿ ಮುಚ್ಚಿದ. ಮಾವ ಸೈಕಲ್ಲುಗಳನ್ನು ಮತ್ತೆ ಏರಿಸಿ, ಲಾರಿ ಹಗ್ಗ ಸುತ್ತಿ, ಅದರೊಳಗೆ ಕೋಲು ತೂರಿಸಿ ಕಾರು ಕಿರುಗುಟ್ಟುವಷ್ಟು ತಿರುಚಿ ಕಟ್ಟಿದರು. ಅಕ್ಕ ಸರಪಳಿ ಸುತ್ತಿ ಬೀಗ ಒತ್ತಿದಳು. ಬೆಲ್ಟು ಮಾತ್ರ ಹಾಗೇ ಉಳಿಯಿತು.

ದಾರಿಯುದ್ದಕ್ಕೂ ಮುಂದಿನ ರಸ್ತೆಗಿಂತ ಹಿಂದಿನ ಕನ್ನಡಿಯನ್ನೇ ಹೆಚ್ಚು ನೋಡುತ್ತ ಓಡಿಸಿದ. ಆದರೂ ಹೇಳಿದ ಹೊತ್ತಿಗೆ ಸರಿಯಾಗಿ ತಲುಪಿದ. ಮಗಳು ಮೆಟ್ಟಿಲಿಳಿದು ಓಡಿಬಂದಳು. "ಅಪ್ಪಾ, ಕೆಂಪುದು ನಂದಾ? ಕೆರೆ ಸುತ್ತ ಹೋಗೋಣ್ವಾ?"

"ಒಂದೇ ನಿಮಿಷ ಪುಟ್ಟಿ" ಎಂದು ಕೋಲಿಗೆ ಕೈಹಾಕಿದ. ಸಡಿಲಿಸಿದ್ದೇ ತಡ, ಕೋಲು ಗಿರ್ರನೆ ತಿರುಗಿ ಅವನ ಮಣಿಕಟ್ಟಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಮಗಳಿಗೆ ಕಾಣದಂತೆ ನುಂಗಿಕೊಂಡು ಹಗ್ಗ ಬಿಚ್ಚಿದ. ಆಮೇಲೆ ಬೀಗದ ಕೈ ನೆನಪಾಯಿತು.

ಸೈಕಲ್ಲು ಇಳಿಯದೆ ಡಿಕ್ಕಿ ತೆರೆಯದು. ಡಿಕ್ಕಿ ತೆರೆಯದೆ ಸೈಕಲ್ಲು ಇಳಿಯದು.

ಬಾಗಿಲಲ್ಲಿ ನಿಂತಿದ್ದ ತಾಯಿ ಒಳಕ್ಕೆ ತಿರುಗಿ ಗಂಡನನ್ನು ಕರೆದಳು. ಅವಳ ಹೊಸ ಗಂಡ ಒಳಗಿನಿಂದ ಕಬ್ಬಿಣ ಕೊಯ್ಯುವ ಗರಗಸ ತಂದ. ಬೈಯೋಣವೆಂದರೆ ಆ ಮನುಷ್ಯ ಒಳ್ಳೆಯವನು. ಬೆವರು ಸುರಿಸಿ ಸರಪಳಿ ಕೊಯ್ಯುವಷ್ಟರಲ್ಲಿ ಅರ್ಧ ಬೆಳಿಗ್ಗೆ ಕಳೆದಿತ್ತು. ಕಾರಿನ ಸೀಟಿನ ಮೇಲೆ ಬಿದ್ದಿದ್ದ ಬೆಲ್ಟು ನೋಡಿ ಅವನು ನಕ್ಕ. "ಇದಾ? ಇದು ಹೆಚ್ಚುವರಿ ಅಣ್ಣಾ. ಒಂದು ಕಿತ್ತುಹೋದ್ರೆ ಇರ್ಲಿ ಅಂತ ಕೊಡ್ತಾರೆ. ನಮ್ಮನೇಲೂ ಒಂದು ಬಿದ್ದಿದೆ."

ಸೈಕಲ್ಲುಗಳು ಇಳಿದವು. ಗಡಿಯಾರದವನು ಹ್ಯಾಂಡಲ್ ಹಿಡಿಯಲು ಹೋದ. ಊದಿದ ಕೈ ಮುಚ್ಚಲಿಲ್ಲ. ಬ್ರೇಕಿಗೆ ಬೆರಳು ಬಾಗಲಿಲ್ಲ. ಮಗಳ ಕೆಳತುಟಿ ನಡುಗತೊಡಗಿತು.

"ಅಣ್ಣಾ, ತಪ್ಪು ತಿಳ್ಕೋಬೇಡಿ" ಎಂದ ಹೊಸ ಗಂಡ ಸಂಕೋಚದಿಂದ, "ನಿಮ್ಮ ಸೈಕಲ್ಲಲ್ಲಿ ನಾನು ಇವಳನ್ನ ಒಂದು ಸುತ್ತು ಕರ್ಕೊಂಡು ಬರ್ಲಾ? ಪಾಪ, ಅಳ್ತಾಳೆ."

ಅವಳನ್ನು ಮತ್ತೆ ಅಳಿಸುವಂತಿರಲಿಲ್ಲ. "ಹೋಗ್ಬನ್ನಿ" ಎಂದ.

ಸೈಕಲ್ ಸೀಟಿನ ಎತ್ತರ ಆ ಮನುಷ್ಯನಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದು ಗಡಿಯಾರದವನಿಗೆ ಕೈಗಿಂತ ಹೆಚ್ಚು ನೋವು ಕೊಟ್ಟಿತು. ಕೆಂಪು ಸೈಕಲ್ಲು ಮುಂದೆ, ಅವನ ಸೈಕಲ್ಲು ಹಿಂದೆ, ಮಗಳು ನಗುತ್ತ ತಿರುವಿನಲ್ಲಿ ಮರೆಯಾದಳು.

ಫೋನು ಬಡಿದುಕೊಂಡಿತು. ಲಾರಿ ಮಾವ. "ಏನಪ್ಪಾ, ದಾರೀಲಿ ಏನಾದ್ರೂ ಕಳಚ್ಕೊಳ್ತಾ?"

"ಇಲ್ಲ ಮಾವ. ಎಲ್ಲಾ ಗಟ್ಟಿಯಾಗೇ ಇತ್ತು."

"ನಾನು ಕಟ್ಟಿದ್ದಲ್ವಾ! ಮತ್ತೆ ಆ ಬೆಲ್ಟು?"

ಗಡಿಯಾರದವನು ಮೆಟ್ಟಿಲ ಮೇಲೆ, ಮಗಳು ಕಾಯುತ್ತಿದ್ದ ಜಾಗದಲ್ಲೇ ಕೂತು, ಕಾರಿನಿಂದ ತಂದು ತೊಡೆಯ ಮೇಲಿಟ್ಟುಕೊಂಡಿದ್ದ ಅದನ್ನು ನೋಡಿದ.

"ಹೆಚ್ಚುವರಿಯಂತೆ ಮಾವ. ಇಲ್ಲೇ ಕೂತಿದೆ."