ಧಾರೆಗೆ ಮುಂಚೆ ಒಂದು ಚೀನೀ ಕಸರತ್ತು

ನನಗೆ ಎರಡು ಮೊಣಕಾಲುಗಳಿವೆ ಎಂಬ ಸಂಗತಿ ನಲವತ್ತೆಂಟು ವರ್ಷದವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ತಾಳಗುಂದದ ಶಾಲೆಯಲ್ಲಿ ಎಷ್ಟು ಮಕ್ಕಳನ್ನು ಮೊಣಕಾಲೂರಿಸಿ ನಿಲ್ಲಿಸಿದ್ದೆನೋ, ಆ ಶಾಪವೇ ತಟ್ಟಿರಬೇಕು, ಮಗಳ ಮದುವೆ ಗೊತ್ತಾದ ವರ್ಷವೇ ಅವು ಮಡಚುವುದನ್ನು ನಿಲ್ಲಿಸಿದವು. ಕುರ್ಚಿಯ ಮೇಲೆ ಕೂರುವ ಮೇಷ್ಟರಿಗೆ ಅದು ದೊಡ್ಡ ತೊಂದರೆಯೇನಲ್ಲ. ಆದರೆ ಹುಡುಗಿಯ ಅಪ್ಪ ಧಾರೆಗೆ ಮುಂಚಿನ ಶಾಸ್ತ್ರಗಳಿಗೆಲ್ಲ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ನಮ್ಮ ಪುರೋಹಿತರೋ ಒಂದು ಮಂತ್ರವನ್ನೂ ಬಿಡುವವರಲ್ಲ. "ನಿಮ್ ಕೈಲಿ ಆಗ್ದಿದ್ರೆ ನನ್ ತಮ್ಮನೇ ಧಾರೆ ಎರೀಲಿ ಬಿಡ್ರೀ" ಎಂದಳು ಹೆಂಡತಿ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಮಾತ್ರ ಒಪ್ಪಲಿಲ್ಲ. ಇರುವವಳು ಒಬ್ಬಳೇ ಮಗಳು. ಅವಳನ್ನು ನಾನೇ ಧಾರೆ ಎರೆದು ಕೊಡಬೇಕು.

ಆ ತಮ್ಮ, ಎಂದರೆ ಜಡೆ ಊರಿನ ನನ್ನ ಭಾವಮೈದ ರಾಮಪ್ಪ, ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಮಲಯಾ ನೋಡಿ ಬಂದವನು. ಅಲ್ಲಿಂದ ಒಂದು ಟ್ರಂಕನ್ನೂ, ಚೀನೀ ಮುದುಕನೊಬ್ಬ ಕಲಿಸಿದ ತೈ ಚಿ ಎಂಬ ಕಸರತ್ತನ್ನೂ ತಂದಿದ್ದ. "ಬ್ಯಾಡಕ್ಕ, ಭಾವನೇ ಎರೀಲಿ. ಅವರನ್ನ ಕೂರಿಸೋ ಜವಾಬ್ದಾರಿ ನಂದು" ಎಂದು ನನಗೆ ಅದನ್ನೇ ಕಲಿಸತೊಡಗಿದ. ನಮ್ಮ ಕಡೆಯ ಗರಡಿ ಸಾಮು ಬೆವರು ಬಂದರೆ ಮಾತ್ರ ಸಾಮು. ಇದರಲ್ಲಿ ಒಂದು ಕೈ ಎತ್ತಿ ಮುಗಿಸುವಷ್ಟರಲ್ಲಿ ಎಮ್ಮೆಯ ಹಾಲು ಕರೆದು ಮುಗಿಸಬಹುದು. ನಡುವೆ ಮಾತಾಡಬಾರದೆಂದು ಬೇರೆ ಕಟ್ಟಪ್ಪಣೆ.

ಶಾಲೆಯ ಬಯಲಿನಲ್ಲಿ ದಿನಾ ಬೆಳಿಗ್ಗೆ ಅಭ್ಯಾಸ ನಡೆಯಿತು. ಮೊಣಕಾಲೂ ಸ್ವಲ್ಪ ಸಡಿಲವಾಯಿತು. ಒಂದು ದಿನ ಅರೆಗಣ್ಣು ಮುಚ್ಚಿ ಕೈ ತೇಲಿಸುತ್ತಿದ್ದೆ. ಕುರಿ ಸಾಕುವ ದುರ್ಗವ್ವ ಬಂದು ಕಾಲಿಗೆ ಬಿದ್ದಳು. "ಯಪ್ಪಾ, ನಮ್ ಕರೇ ಕುರಿ ಮೂರ್ ದಿನಾತು ಕಾಣ್ವಲ್ದು. ಎಲ್ಲೈತಿ ಹೇಳು!" ಮೈಮೇಲೆ ದೇವರು ಬಂದಿದೆಯೆಂದೇ ತಿಳಿದಿದ್ದಳು. ಗುರುವಿನ ಅಪ್ಪಣೆ ಮೀರಬಾರದೆಂದು ನಾನು ಬಾಯಿ ಬಿಡಲಿಲ್ಲ. ಬಲಗೈ ತನ್ನ ಪಾಡಿಗೆ ಕೆರೆಯ ಏರಿಯ ಕಡೆ ಚಾಚಿತು. ಅವಳು ಅತ್ತ ಓಡಿದಳು. ಕುರಿ ಅಲ್ಲೇ ಸಿಕ್ಕಿಬಿಡಬೇಕೆ! ಆಮೇಲೆ ನಾನು ಎಷ್ಟು ಬಿಡಿಸಿ ಹೇಳಿದರೂ, "ದೇವ್ರು ಬಂದೋರಿಗೆ ತಮಗೇ ನೆಪ್ಪಿರಂಗಿಲ್ಲ ಬಿಡ್ರಿ" ಎಂದು ಸಮಾಧಾನ ಹೇಳುತ್ತಿದ್ದಳು.

ಮದುವೆಯ ದಿನ ಗೆದ್ದೆ. ಎರಡು ಗಂಟೆ ಮಣೆಯ ಮೇಲೆ ಕೂತೆ. "ಏಳಿ, ಧಾರೆಗೆ ಹೊತ್ತಾಯ್ತು" ಎಂದರು ಪುರೋಹಿತರು. ಕೂರುವುದನ್ನು ಕಲಿತವನು ಏಳುವುದನ್ನು ಕಲಿತಿಲ್ಲವೆಂದು ಆಗ ಹೊಳೆಯಿತು. ಕಾಲುಗಳು ಜೋಮು ಹಿಡಿದು ಕಂಬವಾಗಿದ್ದವು. ದಾರಿ ಕಾಣದೆ ರಾಮಪ್ಪ ಕಲಿಸಿದಂತೆ ಎರಡೂ ಕೈಗಳನ್ನು ಮೆಲ್ಲಗೆ ಮೇಲೆತ್ತಿದೆ.

"ಬಂತು! ದೇವ್ರು ಬಂತು! ಯಾರೂ ಮುಟ್ಬ್ಯಾಡ್ರಿ!" ಎಂದು ದುರ್ಗವ್ವ ಕೂಗಿದಳು. ಜನ ಹಿಂದೆ ಸರಿದರು. ಬೀಗರು ಟವೆಲ್ ಸೊಂಟಕ್ಕೆ ಸುತ್ತಿ, "ಏನಪ್ಪಣೆ ತಂದೆ?" ಎಂದು ಕೈಮುಗಿದು ನಿಂತರು. ಮುಹೂರ್ತ ಮೀರುತ್ತಿತ್ತು. ಮಗಳು ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಮೊದಲು ನನ್ನನ್ನು ಎಬ್ಬಿಸ್ರೋ!" ಎಂದು ಅರಚಿದೆ.

ದೇವರ ಅಪ್ಪಣೆ ಮೀರುವವರು ಯಾರು? ರಾಮಪ್ಪ ಒಂದು ರಟ್ಟೆ, ಬೀಗರು ಒಂದು ರಟ್ಟೆ ಹಿಡಿದು ಎತ್ತಿದರು. ಮಗಳನ್ನು ನಾನೇ ಧಾರೆ ಎರೆದು ಕೊಟ್ಟೆ. ಧಾರೆಯ ನೀರು ಒಂದಿಷ್ಟು ಆಚೀಚೆ ಚೆಲ್ಲಿತು ನಿಜ. ಅದಕ್ಕೆ ದೇವರೂ ಕಾರಣವಲ್ಲ, ಚೀನಾದವರೂ ಅಲ್ಲ.

ದುರ್ಗವ್ವ ಊರ ತುಂಬ ಹೇಳಿಕೊಂಡು ಬಂದಳಂತೆ: "ಮೇಷ್ಟ್ರ ದೇವ್ರು ಭಾಳ ಪಾಪದ್ದು. ಕುರಿ ಕೇಳಂಗಿಲ್ಲ, ಕೋಳಿ ಕೇಳಂಗಿಲ್ಲ, ಹಿಡ್ದು ಎಬ್ಬಿಸಿದ್ರೆ ಸಾಕು."