ಹಿತ್ತಲ ಗೋಡೆಯಾಚೆ ಏನು ಬರುತ್ತೆ?

ಹೆಂಡತಿಯ ನಿದ್ದೆ ಗಂಡನ ಜವಾಬ್ದಾರಿ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದೇ ಮೊದಲ ಕಾಯಿದೆ. ನನ್ನವಳು ಆಸ್ಪತ್ರೆಯಲ್ಲಿ ನರ್ಸು, ಕಾಯಂ ರಾತ್ರಿಪಾಳಿ. ಊರೆಲ್ಲ ಏಳುವ ಹೊತ್ತಿಗೆ ಅವಳು ಬಂದು ಮಲಗಬೇಕು. ಆದರೆ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಕಬ್ಬಿಣದ ಗೇಟು ಮಾಡುವ ವೆಲ್ಡಿಂಗ್ ಅಂಗಡಿ. ಅವಳು ಕಣ್ಣು ಮುಚ್ಚುವುದಕ್ಕೂ ಅವನು ಸುತ್ತಿಗೆ ಎತ್ತುವುದಕ್ಕೂ ಸರಿಹೋಗುತ್ತಿತ್ತು. ನಿದ್ದೆಗೆಟ್ಟ ಹೆಂಡತಿಯ ಜೊತೆ ಬಾಳುವುದು ಏನೆಂದು ಅನುಭವಿಸಿದವರಿಗೇ ಗೊತ್ತು (ಅನುಭವಿಸಿದವರು ಬಾಯಿ ಬಿಡುವುದಿಲ್ಲ, ಅದು ಬೇರೆ ಮಾತು).

ಒಂದು ಬೆಳಿಗ್ಗೆ ಅವಳು ಕಿವಿಗೆ ತುರುಕಿದ್ದ ಹತ್ತಿಯನ್ನು ಕಿತ್ತೆಸೆದಳು.

"ಸ್ವಂತ ಮನೆ ತಗೊಳ್ಳೋಣ ರೀ. ಅಡುಗೆಮನೆ ಚಿಕ್ಕದಿದ್ರೂ ಪರವಾಗಿಲ್ಲ, ನಲ್ಲೀಲಿ ನೀರು ದಾರದ ಹಾಗೆ ಬಂದ್ರೂ ಪರವಾಗಿಲ್ಲ. ಹಗಲು ಸದ್ದಿರಬಾರದು."

"ಈಗ ಸದ್ದಿಲ್ಲ ಅಂತ ತಗೊಂಡ್ರೆ ಆಯ್ತೇನೇ? ನಿನ್ನ ತಮ್ಮ ಮನೆ ಕೊಂಡ ಮೇಲಲ್ವಾ ಕಿಟಕಿ ಮುಂದೆ ಮೇಲ್ಸೇತುವೆ ಬಂದಿದ್ದು? ಮಾರಿದವನು ಗೊತ್ತಿದ್ದೂ ಬಾಯಿ ಬಿಡಲಿಲ್ಲ."

"ಅದಕ್ಕೇ ನೀವು ಕೇಳ್ಬೇಕು. ಪಕ್ಕದಲ್ಲಿ ಏನು ಬರುತ್ತೆ ಅಂತ ಬಾಯಿ ಬಿಡಿಸೋದು ನಿಮ್ಮ ಕೆಲಸ."

ಅಲ್ಲಿಯೇ ಭೀಷ್ಮಪ್ರತಿಜ್ಞೆ ಮಾಡಿದೆ. ಮಾರುವವನ ಹೊಟ್ಟೆಯೊಳಗಿನ ಗುಟ್ಟನ್ನು ಹೊರತೆಗೆಯದೆ ಮುಂಗಡ ಕೊಡುವವನಲ್ಲ. ಹೇಳಿಕೇಳಿ ನಾನು ಬಟ್ಟೆ ಅಂಗಡಿಯ ಹಳೇ ಹುಲಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನು ಕೊಳ್ಳುವವನೋ ಫ್ಯಾನಿನ ಗಾಳಿಗೆ ಬಂದವನೋ ಎಂದು ಹೇಳಬಲ್ಲೆ. ನನ್ನ ಕಣ್ಣಿಗೆ ಮಣ್ಣೆರಚುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು.

ಹಲವು ಮನೆ ನೋಡಿದೆವು. ಎಲ್ಲ ಕಡೆಯೂ "ಪಕ್ಕದಲ್ಲಿ ಏನೂ ಬರಲ್ಲ ಸಾರ್" ಎಂಬ ಒಂದೇ ರಾಗ. ಹಾಗೆ ಹೇಳಿದವರನ್ನೆಲ್ಲ ಮುಲಾಜಿಲ್ಲದೆ ತಳ್ಳಿಹಾಕಿದೆ. ಕೊನೆಗೆ ಸಿಕ್ಕಿದ್ದು ನಿವೃತ್ತ ಪೋಸ್ಟ್‌ಮಾಸ್ಟರರ ಮನೆ. ನನ್ನವಳು ಮಲಗುವ ಕೋಣೆ ಪರೀಕ್ಷಿಸುತ್ತೇನೆಂದು ಮನೆಯಾಕೆಯನ್ನು ಕೇಳಿ ಮಂಚದ ಮೇಲೆ ಒರಗಿದವಳು ಅಲ್ಲೇ ಗೊರಕೆ ಹೊಡೆಯತೊಡಗಿದಳು. ಎಷ್ಟೋ ತಿಂಗಳ ಮೇಲೆ ಅವಳ ಹಣೆಯ ಗಂಟು ಸಡಿಲವಾಗಿದ್ದನ್ನು ಕಂಡೆ. ಈ ಮನೆ ಕೈಬಿಡಬಾರದು ಎಂದುಕೊಂಡು ಪೋಸ್ಟ್‌ಮಾಸ್ಟರರನ್ನು ಹಿತ್ತಲಿಗೆ ಕರೆದೊಯ್ದೆ. ಗೋಡೆಯಾಚೆ ದೊಡ್ಡ ಖಾಲಿ ಜಾಗವಿತ್ತು.

"ಇಲ್ಲಿ ಏನು ಬರುತ್ತೆ? ಮುಚ್ಚಿಡಬೇಡಿ" ಎಂದು ಹುಬ್ಬು ಗಂಟಿಕ್ಕಿದೆ.

"ಮುಚ್ಚಿಡೋದು ಯಾಕೆ ಸ್ವಾಮಿ? ಶಾಲೆ ಬರುತ್ತೆ. ಆಟದ ಮೈದಾನ ನಮ್ಮ ಗೋಡೆಗೇ ಅಂಟಿಕೊಂಡು. ನನ್ನಾಕೆಗೆ ಗಲಾಟೆ ಆಗಿಬರಲ್ಲ, ಅದಕ್ಕೇ ಮಾರ್ತಿರೋದು."

ನಾನು ಬೆಚ್ಚಿದೆ. ಶಾಲೆಗಲ್ಲ, ಅವರು ಹೇಳಿದ ಧಾಟಿಗೆ. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಒಳ್ಳೆಯ ಮಾಲನ್ನು ದೊಡ್ಡ ಗಿರಾಕಿಗೆಂದು ಎತ್ತಿಟ್ಟಿರುತ್ತೇವೆ. ಬೇರೆ ಯಾರಾದರೂ ಅದಕ್ಕೆ ಕೈ ಹಾಕಿದರೆ, "ಅದು ಬೇಡ ಬಿಡಿ ಸಾರ್, ಒಗೆದ್ರೆ ಬಣ್ಣ ಬಿಡುತ್ತೆ" ಎನ್ನುತ್ತೇವೆ. ತನ್ನ ಮಾಲನ್ನು ತಾನೇ ಹಳಿಯುವ ವ್ಯಾಪಾರಿ ಅದನ್ನು ಬೇರೆಯವರಿಗೆ ಎತ್ತಿಟ್ಟಿದ್ದಾನೆ ಎಂದೇ ಅರ್ಥ. ಆಹಾ, ಪೋಸ್ಟ್‌ಮಾಸ್ಟರೇ, ಬಟ್ಟೆ ಅಂಗಡಿಯವನಿಗೇ ಬಣ್ಣ ಬಿಡುವ ಕಥೆಯೇ?

"ನೋಡಿ, ಅಳತೆ ಮಾಡಿ ಗೂಟ ಕೂಡ ಹೊಡೆದಿದ್ದಾರೆ" ಎಂದು ಅವರು ತೋರಿಸಿದರು.

ಗೂಟಗಳಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನು ಬಗ್ಗಿ ಪರೀಕ್ಷಿಸಿದೆ. ತೀರಾ ಕಳಪೆ ನೂಲು. ಇಂಥ ಬಟ್ಟೆ ಕಟ್ಟುವವರು ಶಾಲೆ ಕಟ್ಟುತ್ತಾರೆಯೇ?

"ನಿಮ್ಮನೆಯವರು ಹಗಲು ಮಲಗೋರು ಅಂತೀರಿ. ಇನ್ನೊಮ್ಮೆ ಯೋಚನೆ ಮಾಡಿ ಸ್ವಾಮಿ."

ಅವರು ಬೇಡವೆಂದಷ್ಟೂ ನನ್ನ ಹಟ ಗಟ್ಟಿಯಾಯಿತು. ನಕ್ಕು, ಅಲ್ಲೇ ಮುಂಗಡವನ್ನು ಅವರ ಕೈಗೆ ತುರುಕಿ, ಹೆಂಡತಿಯನ್ನು ಎಬ್ಬಿಸಿದೆ.

"ಕೇಳಿದ್ರಾ?" ಎಂದಳು.

"ಬಾಯಿ ಬಿಡಿಸಿದೆ ಕಣೇ. ಏನೂ ಬರಲ್ಲ. ನೀನು ನಿಶ್ಚಿಂತೆಯಾಗಿ ಮಲಗು."

ಕೆಲವು ತಿಂಗಳು ಸ್ವರ್ಗಕ್ಕೆ ಮೂರೇ ಗೇಣು. ನನ್ನವಳು ನಿದ್ದೆ ಮಾಡಿ ಎದ್ದು ನನ್ನನ್ನು ನೋಡಿ ನಕ್ಕಿದ್ದೂ ಉಂಟು. ಆಮೇಲೆ ಗೋಡೆಯಾಚೆ ಪಾಯ ತೋಡುವ ಯಂತ್ರ ಬಂತು. "ಗೋದಾಮಿರಬೇಕು" ಎಂದೆ. ಗೋಡೆ ಎದ್ದಿತು, ಚಾವಣಿ ಬಿತ್ತು. "ಗೋದಾಮೇ" ಎಂದೆ. ಒಂದು ದಿನ ಲಾರಿಯಿಂದ ಜಾರುಬಂಡೆ ಇಳಿಯಿತು.

"ಗೋದಾಮಿಗೆ ಜಾರುಬಂಡೆ ಯಾಕೆ ರೀ?" ಎಂದಳು. ಮಾಲು ಇಳಿಸಲು ಎನ್ನಬೇಕೆಂದುಕೊಂಡೆ, ಅವಳ ಮುಖ ನೋಡಿ ಕಿಟಕಿ ಮುಚ್ಚಿದೆ.

ಶಾಲೆ ಶುರುವಾಯಿತು. ಗಂಟೆ, ಸೀಟಿ, ನೂರಾರು ಗಂಟಲಿನ ಮಗ್ಗಿ. ವೆಲ್ಡಿಂಗ್ ಅಂಗಡಿಯವನು ಊಟಕ್ಕಾದರೂ ಹೋಗುತ್ತಿದ್ದ. ಇಲ್ಲಿ ಊಟದ ಬಿಡುವಿನಲ್ಲೇ ಪ್ರಳಯ. ನನ್ನವಳು ಕೆಂಪು ಕಣ್ಣಿನಲ್ಲಿ ಚಪ್ಪಲಿ ಮೆಟ್ಟಿದಳು.

"ನಡೀರಿ. ಆ ಪೋಸ್ಟ್‌ಮಾಸ್ಟರನ್ನ ಕೇಳೇಬಿಡೋಣ. ಗೊತ್ತಿದ್ದೂ ಹೇಳದೆ ಮಾರೋದು ಅಂದ್ರೇನು?"

"ಹೋಗ್ಲಿ ಬಿಡೇ, ವಯಸ್ಸಾದವರು" ಎಂದೆ. ನನ್ನ ದಯಾಗುಣ ಕೆಲಸಕ್ಕೆ ಬರಲಿಲ್ಲ.

ಅವರ ಹೊಸ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಎಲೆ ಬಿದ್ದರೂ ಕೇಳುವಷ್ಟು ಮೌನ. ಇವಳ ಆರ್ಭಟವನ್ನೆಲ್ಲ ಕೇಳಿಸಿಕೊಂಡು ಅವರು ನನ್ನತ್ತ ಮರುಕದಿಂದ ನೋಡಿದರು.

"ಹೇಳಿದ್ನಲ್ಲಮ್ಮಾ. ಶಾಲೆ ಬರುತ್ತೆ ಅಂದೆ, ಗೂಟಾನೂ ತೋರಿಸ್ದೆ. ನಿಮ್ಮನೆಯವರು ನಕ್ಕು ಮುಂಗಡ ಕೊಟ್ರು. ಮಕ್ಕಳ ಗಲಾಟೆ ಇಷ್ಟ ಇರಬೇಕು ಅಂದ್ಕೊಂಡೆ."

ಎತ್ತಿಟ್ಟ ಮಾಲಿನ ಸಿದ್ಧಾಂತವನ್ನು ನಾನು ಸವಿಸ್ತಾರವಾಗಿ ಮಂಡಿಸಿದೆ. ಯಾರೂ ತಲೆದೂಗಲಿಲ್ಲ. ನನ್ನವಳು ಬಯ್ಯಲೂ ಇಲ್ಲ. ಬಯ್ದಿದ್ದರೆ ಜೀವಕ್ಕೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಮನೆಯಾಕೆಯ ಕಡೆ ತಿರುಗಿದಳು.

"ಮೇಲಿನ ಕೋಣೆ ಖಾಲಿ ಇದೆಯಾ ಅಕ್ಕಾ?"

"ಇದೆಯಮ್ಮಾ. ಬಾಡಿಗೆಗೆ ಕೊಡೋಣಾಂತಿದ್ವಿ."

"ನನಗೇ ಕೊಡಿ. ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದು ಮಲಗ್ತೀನಿ."

"ಮತ್ತೆ ನಾನು? ನಮ್ಮನೆ?" ಎಂದು ತೊದಲಿದೆ.

"ನೀವು ಅಲ್ಲೇ ಇರಿ. ಇಷ್ಟಪಟ್ಟು ಕೊಂಡಿದೀರಿ. ಅಂಗಡಿಗೆ ರಜಾ ಇದ್ದ ದಿನ ಮಕ್ಕಳ ಜೊತೆ ಮಗ್ಗಿ ಹೇಳ್ಕೊಳಿ."

ಆದರೂ ನಾನು ಧೃತಿಗೆಡಲಿಲ್ಲ. ಎಷ್ಟೆಂದರೂ ಹೆಂಡತಿಯ ನಿದ್ದೆ ನನ್ನ ಹೊಣೆ. ಎದೆ ಸೆಟೆಸಿ ಪೋಸ್ಟ್‌ಮಾಸ್ಟರರನ್ನು ಕೇಳಿದೆ:

"ಕೋಣೆ ಹಿಡಿಯೋಕೆ ಮುಂಚೆ ಒಂದು ವಿಷಯ ತಿಳೀಬೇಕು. ಈ ಮನೆ ಪಕ್ಕದಲ್ಲಿ ಏನಾದ್ರೂ ಬರುತ್ತಾ?"

ಅವರು ಉತ್ತರ ಹೇಳಲು ನನ್ನ ಕಡೆ ತಿರುಗಿ ಬಾಯಿ ತೆರೆದರು. ನನ್ನವಳು ಕುರ್ಚಿಯನ್ನು ಎಳೆದುಕೊಂಡು ನಮ್ಮಿಬ್ಬರ ನಡುವೆ ಕೂತಳು.

"ನನಗೆ ಹೇಳಿ ಸಾರ್. ಅವರಿಗೆ ಕಿವಿ ಕೇಳಿಸುತ್ತೆ, ಅಷ್ಟೇ."