ಎರಡನೇ ಬಟ್ಟಲನ್ನು ಕುರಿತು ತಾತನ ತಾತನವರಿಗೆ

ಮಾನ್ಯರೇ,

ಪರಲೋಕವಾಸಿಗಳೂ ಬಾನ್ ಮನೆತನದ ಕುಲದೀಪಕರೂ ನನ್ನ ತಾತನ ತಾತನವರೂ ಆದ ತಮ್ಮ ಪಾದಾರವಿಂದಗಳಿಗೆ, ಚೊಂಗ್ಜು ನಗರದ ಹದಿನೇಳನೇ ಮಹಡಿಯಿಂದ ತಮ್ಮ ಮೊಮ್ಮಗನ ಮೊಮ್ಮಗಳು ಬಾನ್ ಸೊಯುಲ್ ಮಾಡುವ ಸಾಷ್ಟಾಂಗ ಪ್ರಣಾಮಗಳು. ನಿನ್ನೆ ಸಂಜೆ ತಮ್ಮ ತಿಥಿಯ ಎಡೆಯನ್ನು ಸ್ವೀಕರಿಸಿ ತಾವು ಸುಖವಾಗಿ ಹಿಂದಿರುಗಿದಿರೆಂದು ಭಾವಿಸುತ್ತೇನೆ. ತಾವು ಒಳಬರಲೆಂದು ತೆರೆದಿಟ್ಟ ಮುಂಬಾಗಿಲಿನಲ್ಲಿ ಎದುರುಮನೆಯ ನಾಯಿ ತಮಗಿಂತ ಮೊದಲೇ ಒಳನುಗ್ಗಿದ್ದಕ್ಕೆ ಕುಟುಂಬದ ಪರವಾಗಿ ವಿಷಾದಿಸುತ್ತೇನೆ. ಇದನ್ನು ಬಹಿರಂಗ ಪತ್ರವಾಗಿಯೇ ಬರೆಯಲು ಕಾರಣವಿಷ್ಟೇ: ತಮ್ಮ ಮುಂದೆ ನಿಂತು ಖಾಸಗಿಯಾಗಿ ಅರಿಕೆ ಮಾಡಿಕೊಳ್ಳುವ ಅಧಿಕಾರ ನಮ್ಮ ಮನೆಯಲ್ಲಿ ಗಂಡಸರಿಗೆ ಮಾತ್ರ ಇದೆ.

ಅರ್ಜಿದಾರಳ ಅರ್ಹತೆಯನ್ನು ಮೊದಲು ತಿಳಿಸುವುದು ಶಿಷ್ಟಾಚಾರ. ಕಾಲೇಜಿನಲ್ಲಿ ನಾನು ನನ್ನ ತರಗತಿಗೇ ಮೊದಲಿಗಳು. ರಾಜ್ಯದ ಉನ್ನತಾಧಿಕಾರಿಗಳ ಪರೀಕ್ಷೆಯನ್ನು ಈ ವರ್ಷ ಮೊದಲ ಪ್ರಯತ್ನದಲ್ಲೇ ಗೆದ್ದವಳು. ತಾವು ದೊರೆಗಳ ಕಾಲದಲ್ಲಿ ಇಂಥದೇ ಪರೀಕ್ಷೆಗೆ ರಾಜಧಾನಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಿ, ಅಷ್ಟೇ ಶ್ರದ್ಧೆಯಿಂದ ಕಾಲ್ನಡಿಗೆಯಲ್ಲಿ ಹಿಂದಿರುಗುತ್ತಿದ್ದಿರೆಂದು ಕೇಳಿದ್ದೇನೆ. ಸರ್ಕಾರಿ ಹುದ್ದೆ ಸಿಗದೆ ತೀರಿಕೊಂಡವರನ್ನು ಎಡೆಯ ಮುಂದಿನ ಆವಾಹನೆಯ ಕಾಗದದಲ್ಲಿ 'ವಿದ್ಯಾರ್ಥಿ' ಎಂದೇ ಬರೆಯುವ ಸಂಪ್ರದಾಯಕ್ಕನುಸಾರವಾಗಿ ತಾವು ಇಂದಿಗೂ ವಿದ್ಯಾರ್ಥಿಗಳು. ಕಲಿಯುವ ಹಂಬಲ ಸಾವಿನಾಚೆಗೂ ಬತ್ತದ ಇಂಥ ಮಹನೀಯರಿಗೆ ಒಂದು ಹೊಸ ಪಾಠವನ್ನು ಒಪ್ಪಿಸಲು ನನಗೆ ಸಂಕೋಚವಿಲ್ಲ.

ತಮ್ಮ ಎಡೆಗಾಗಿ ನಿನ್ನೆ ಬೆಳಗಿನಿಂದ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಮೊಟ್ಟೆಯಲ್ಲಿ ಅದ್ದಿ ಕಾವಲಿಯ ಮೇಲೆ ಬೇಯಿಸಿದವರು ನನ್ನ ಅಮ್ಮ. ಸಾರಿನ ಮೂಲಂಗಿ ಹೆಚ್ಚಿದವರು ಚಿಕ್ಕಮ್ಮ. ಎಂಬತ್ತನಾಲ್ಕರ ಅಜ್ಜಿ ಕುರ್ಚಿಯಲ್ಲಿ ಕುಳಿತೇ ಸೊಪ್ಪು ಹಿಂಡಿದರು. ಈ ಮೂವರೂ ಬೇರೆ ಬೇರೆ ಮನೆತನಗಳಿಂದ ಬಂದವರು, ತಮ್ಮ ರಕ್ತದ ಹನಿಯೂ ಇಲ್ಲದವರು, ತಮ್ಮ ಮುಖವನ್ನೂ ಕಾಣದವರು. ತಮ್ಮ ಸ್ವಂತ ರಕ್ತದವರಾದ ಅಪ್ಪ ಟಿ.ವಿ.ಯ ಮುಂದೆ ಕುಳಿತು ಎಡೆಗಿಡುವ ಚೆಸ್ಟ್‌ನಟ್ ಕಾಯಿಗಳ ಸಿಪ್ಪೆ ಸುಲಿದರು. ಇದು ಗಂಡಸರೇ ಮಾಡಬೇಕಾದ ಪವಿತ್ರ ಕೆಲಸವಾದ್ದರಿಂದ, ಪ್ರತಿ ಕಾಯಿಯ ನಂತರ ಸೊಂಟ ನೀವಿಕೊಂಡು "ಅಬ್ಬಬ್ಬಾ, ಎಡೆ ಅಂದ್ರೆ ಸುಮ್ನೇನಾ!" ಎಂದು ಉದ್ಗರಿಸುವುದೂ ವಿಧಿಯಲ್ಲಿ ಸೇರಿದೆ.

ನನ್ನ ಕೋರಿಕೆ ಒಂದು ಬಟ್ಟಲಿನಷ್ಟು ಚಿಕ್ಕದಾಗಿತ್ತು. ತಮಗೆ ಅರ್ಪಿಸುವ ಮೂರು ಬಟ್ಟಲು ಅಕ್ಕಿ ಮದ್ಯದಲ್ಲಿ ಮೊದಲನೆಯದು ಅಪ್ಪನದು, ಎರಡನೆಯದು ಚಿಕ್ಕಪ್ಪನದು, ಮೂರನೆಯದು ಚಿಕ್ಕಪ್ಪನ ಮಗ ಗ್ಯುಹೊನದು. ಎರಡನೆಯದನ್ನು ಮನೆಯ ಹಿರಿಯ ಸೊಸೆಯೇ ಅರ್ಪಿಸಬೇಕೆಂದು ಹಳೆಯ ವಿಧಿಗಳು ಹೇಳುತ್ತವೆಂದೂ, ಆದ್ದರಿಂದ ಈ ವರ್ಷ ಅದು ಅಮ್ಮನಿಗೆ ಸಲ್ಲಬೇಕೆಂದೂ ನಾನು ವಿನಯಪೂರ್ವಕವಾಗಿ ಸೂಚಿಸಿದೆ. ಚಿಕ್ಕಪ್ಪ ಟೈ ಸರಿಮಾಡಿಕೊಂಡರು.

"ಪುಸ್ತಕದಲ್ಲಿ ಸಾವಿರ ಬರೀತಾರಮ್ಮ. ಹೆಣ್ಣಿನ ಕೈಯಿಂದ ಹಾಕಿದ ಮದ್ಯ ನಮ್ಮ ಹಿರಿಯರು ಮುಟ್ಟಲ್ಲ."

"ಹೆಣ್ಣಿನ ಕೈಯಲ್ಲಿ ಬೆಂದ ಮೀನು ಮುಟ್ತಾರಲ್ಲ ಚಿಕ್ಕಪ್ಪ?"

ಆಗ ನನ್ನ ಮೇಲೆ ಎರಗಿದ್ದು ಅವರಲ್ಲ, ಯಾರ ಪರವಾಗಿ ವಾದಿಸುತ್ತಿದ್ದೆನೋ ಆ ನನ್ನ ಕಕ್ಷಿದಾರರೇ. "ಬಾಯ್ ಮುಚ್ಚೇ!" ಎಂದು ಅಮ್ಮ ಅಡುಗೆಮನೆಯಿಂದ ಗದರಿದರು. "ಇಷ್ಟುದ್ದ ನಾಲಿಗೆ ಇರೋಳನ್ನ ಯಾವ ಅತ್ತೆ ಹೊಸಿಲು ದಾಟಿಸ್ಕೋತಾಳೆ?"

ಮಾನ್ಯರೇ, ಹೊಸಿಲಿನ ಮಾತು ಬಂದದ್ದರಿಂದ ತಮ್ಮ ಗಮನಕ್ಕೆ ಒಂದು ಕುಟುಂಬ ವಾರ್ತೆ. ಅಪ್ಪನಿಗೆ ಗಂಡುಮಕ್ಕಳಿಲ್ಲದ ಕಾರಣ ತಮ್ಮ ಎಡೆಯ ಮುಂದಿನ ವಾರಸುದಾರ ಗ್ಯುಹೊ. ಅವನು ಮೆಚ್ಚಿದ್ದ ಹುಡುಗಿಯ ಬಗ್ಗೆ ನಿನ್ನೆ ವಿಚಾರಿಸಿದೆ. "ಒಳ್ಳೆ ಹುಡುಗಿ ಅಕ್ಕ. ನಿಮ್ಮನೇಲಿ ವರ್ಷಕ್ಕೆ ಎಷ್ಟು ಎಡೆ ಅಂತ ಕೇಳಿದ್ಲು, ಹೇಳ್ದೆ. ಮೆಟ್ರೋ ಬಂತು ಅಂತ ಎದ್ದು ಹೋದ್ಲು," ಎಂದ. ಆಮೇಲೆ ತಾನೇ ಸೇರಿಸಿದ: "ಈ ಊರಲ್ಲಿ ಮೆಟ್ರೋನೇ ಇಲ್ಲ." ವಂಶ ಬೆಳೆಯಲೆಂದು ಎಡೆ ಬೇಡುವ ತಾವು, ಆ ಎಡೆಯ ತಟ್ಟೆಯಿಂದಲೇ ವಂಶವನ್ನು ತಡೆಯುತ್ತಿರುವ ಪವಾಡಕ್ಕೆ ನಾನು ತಲೆಬಾಗುತ್ತೇನೆ.

ನಾನು ವಾದವನ್ನು ಮುಂದುವರಿಸಿದೆ. ನಡುರಾತ್ರಿ ನಡೆಯಬೇಕಾದ ತಮ್ಮ ಎಡೆಯನ್ನು, ಚಿಕ್ಕಪ್ಪನವರು ಮರುದಿನ ಆಫೀಸಿಗೆ ಹೋಗಬೇಕೆಂಬ ಕಾರಣಕ್ಕೆ, ಸಂಜೆ ಏಳಕ್ಕೆ ತಂದಾಗ ತಾವು ಒಪ್ಪಿದಿರಲ್ಲವೇ? ಒಬ್ಬರ ಆಫೀಸಿಗಾಗಿ ಕಾಲವೇ ಬದಲಾಗಬಹುದಾದರೆ ಒಂದು ಬಟ್ಟಲಿಗಾಗಿ ಕೈ ಬದಲಾಗಬಾರದೇ? ಚಿಕ್ಕಪ್ಪ "ಮನೆ ಮನೆಗೂ ಒಂದು ಪದ್ಧತಿ, ಇದು ನಮ್ಮನೆ ಪದ್ಧತಿ" ಎಂದು ಕೊನೆಯ ಅಸ್ತ್ರ ಬಿಟ್ಟರು.

ಅಲ್ಲಿಯವರೆಗೆ ಸೊಪ್ಪು ಹಿಂಡುತ್ತಿದ್ದ ಅಜ್ಜಿ ಕೈ ಒರೆಸಿಕೊಂಡರು. "ಯಾವ ಪದ್ಧತಿನೋ? ನನ್ನ ತವರಲ್ಲಿ ಎರಡನೇ ಬಟ್ಟಲು ಅಮ್ಮನೇ ಹಾಕ್ತಿದ್ಲು. ಈ ಮನೆಗೆ ಬಂದ ವರ್ಷ ನಾನೂ ಕೇಳ್ದೆ. ನಿಮ್ಮಜ್ಜ, ಅಂದ್ರೆ ನಮ್ಮ ಮಾವ, 'ಹೋಗಿ ಮೀನು ನೋಡ್ಕೋ' ಅಂದ್ರು. ಪದ್ಧತಿ ಅಂತೆ ಪದ್ಧತಿ! ಅವತ್ತು ಅವರಿಗೆ ಹಸಿವಾಗಿತ್ತು, ಅಷ್ಟೇ."

ಚಿಕ್ಕಪ್ಪನ ಟೈ ಸಡಿಲಾಯಿತು. ಅಪ್ಪ ಮೊದಲ ಬಟ್ಟಲನ್ನು ಅರ್ಪಿಸಿ, ಹಿಂದಿರುಗಿ ನೋಡದೆ, "ಹಾಗಾದ್ರೆ ಬಾರೇ," ಎಂದರು. ಇಷ್ಟು ವರ್ಷ ತಮಗೆ ಅಡುಗೆ ಮಾಡಿ ಒಮ್ಮೆಯೂ ತಮ್ಮೆದುರು ನಿಲ್ಲದ ಅಮ್ಮ ಬಾಗಿಲಿಗೆ ಬಂದರು. ಕಣ್ಣೀರು ಸುರಿಸುವರೆಂದು ನಾನು ಕಾದೆ. ಅವರು ಸುರಿಸಿದ್ದು ಬೇರೆಯೇ.

"ಬೇಯಿಸೋಳೂ ನಾನೇ, ಬಡಿಸೋಳೂ ನಾನೇ, ಈಗ ಅದೊಂದನ್ನೂ ನನ್ನ ತಲೆಗೇ ಕಟ್ತೀರಾ? ಈ ಮನೇಲಿ ಗಂಡಸರಿಗೆ ಇದ್ದದ್ದೇ ಅದೊಂದು ಕೆಲಸ!" ಎಂದವರೇ ಏಪ್ರನ್ ಬಿಚ್ಚಿ ಸೋಫಾದ ಮೇಲೆ ಕುಳಿತುಬಿಟ್ಟರು. ತಮ್ಮ ಎಡೆ ಮುಗಿಯುವ ಮೊದಲು ಅವರು ಕುಳಿತದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. "ನನ್ನ ಬಟ್ಟಲು ತಾನೇ? ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ. ಸೊಯುಲ್, ನೀನು ಹಾಕು. ಬಾಯಿ ಮಾತ್ರ ತೆರೀಬೇಡ."

ಹೀಗೆ ಎರಡನೇ ಬಟ್ಟಲನ್ನು ಅರ್ಪಿಸಿದವಳು ನಾನು. ಎರಡು ಸಲ ಅಡ್ಡಬಿದ್ದು ಎದ್ದೆ. "ನಾಲ್ಕು ಕಣೇ! ಗಂಡಸರಿಗೆ ಎರಡು, ನಮಗೆ ನಾಲ್ಕು. ಅಲ್ಲೂ ದುಪ್ಪಟ್ಟು ಕೆಲಸ," ಎಂದು ಅಜ್ಜಿ ಕೂಗಿದರು. ಮೇಣದಬತ್ತಿ ಆರಲಿಲ್ಲ, ತಾವು ಎದ್ದುಹೋದ ಲಕ್ಷಣವೂ ಕಾಣಲಿಲ್ಲ. ಕೈ ಖಾಲಿಯಾದ ಚಿಕ್ಕಪ್ಪನನ್ನು ಸಾರು ಬಿಸಿಮಾಡಲು ಕಳಿಸಲಾಯಿತು. ಒಳಗಿನಿಂದ "ಅತ್ತಿಗೇ, ಸೌಟೆಲ್ಲಿ?" ಎಂಬ ಆರ್ತನಾದ ಕೇಳಿಸಿತು. ಅಮ್ಮ ಚಾನೆಲ್ ಬದಲಿಸಿದರು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ: ನಾನು ಹಾಕಿದ ಮದ್ಯದ ರುಚಿ ಕೆಟ್ಟಿದ್ದರೆ ಚಿಕ್ಕಪ್ಪನವರ ಕನಸಿನಲ್ಲಿ ಬಂದು ದೂರು ಕೊಡಬೇಕು, ಕೆಡದಿದ್ದರೂ ಬಂದು, ಇಷ್ಟು ಕಾಲ ಹೆಣ್ಣಿನ ಕೈಗೆ ಹೆದರಿದ್ದು ತಾವೋ ಅವರೋ ಎಂಬುದನ್ನು ಇತ್ಯರ್ಥಪಡಿಸಬೇಕು. ಮುಂದಿನ ವರ್ಷ ಊಟವಾದ ಮೇಲೆ ತಮ್ಮ ತಟ್ಟೆಯನ್ನು ತಾವೇ ತೊಳೆಯುವ ಕೃಪೆ ಮಾಡಿದರೆ ಗ್ಯುಹೊನ ಮದುವೆಗೆ ಅದಕ್ಕಿಂತ ದೊಡ್ಡ ಆಶೀರ್ವಾದವಿಲ್ಲ. ನನ್ನ ಮದುವೆಯ ಚಿಂತೆ ತಮಗೆ ಬೇಡ. ವರ ಬಂದರೆ ಸಾರು ಬಿಸಿಮಾಡಲು ಬರುತ್ತದೆಯೇ ಎಂದು ನಾನೇ ಸಂದರ್ಶನ ಮಾಡಿಕೊಳ್ಳುತ್ತೇನೆ.

ಇಂತು, ಬಟ್ಟಲು ಹಿಡಿದ ಕೈಗಳನ್ನೇ ಜೋಡಿಸುವ
ತಮ್ಮ ವಿಶ್ವಾಸಿ,
ಬಾನ್ ಸೊಯುಲ್

ಮರೆತ ಮಾತು: ಎಡೆಯಲ್ಲಿ ತಮ್ಮ ಪಕ್ಕದಲ್ಲೇ ಕುಳಿತಿದ್ದ ತಮ್ಮ ಧರ್ಮಪತ್ನಿಯವರನ್ನು ನಾವು ಅವರ ತವರಿನ ಕುಲದ ಹೆಸರಿನಿಂದ ಮಾತ್ರ ಆವಾಹಿಸುತ್ತೇವೆ, ಸ್ವಂತ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ವರ್ಷ ಹೆಸರು ಹಿಡಿದೇ ಅವರಿಗೆ ಬಟ್ಟಲು ಅರ್ಪಿಸಬೇಕೆಂದಿದ್ದೇನೆ. ದಯವಿಟ್ಟು ತಿಳಿಸುವುದು. ತಮಗೂ ಗೊತ್ತಿಲ್ಲದಿದ್ದರೆ ಈಗಲಾದರೂ ಕೇಳಿಕೊಳ್ಳಿ. ಹೇಗೂ ಇನ್ನೂ ವಿದ್ಯಾರ್ಥಿಗಳಲ್ಲವೇ.